ವಾಹನದ ನಂಬರ್ ಪ್ಲೇಟ್: ಕಾನೂನು ಏನು ಹೇಳುತ್ತದೆ, ತಪ್ಪಿದರೆ ದಂಡ ಎಷ್ಟು? ಪದೇ ಪದೇ ಕೇಳುವ ಪ್ರಶ್ನೆಗಳು

ನಂಬರ್ ಪ್ಲೇಟ್ ವಾಹನದ ಮಾಲೀಕರು ಹಣ ಕೊಟ್ಟು ಹಾಕಿಸಿಕೊಂಡ ವಸ್ತುವೇ ಆದರೂ ಅದರ ಮೇಲೆ ಏನಿರಬೇಕು ಎಂಬುದನ್ನು ನಿರ್ಧರಿಸುವ ಹಕ್ಕು ಅವರಿಗಿಲ್ಲ. ಈ ವಿಷಯದಲ್ಲಿ ಬರುವ ಗೊಂದಲಗಳಲ್ಲಿ ಹೆಚ್ಚಿನವು ಇದನ್ನು ಮರೆತಾಗಲೇ ಹುಟ್ಟುತ್ತವೆ. ಭಾರತದಾದ್ಯಂತ ಅನ್ವಯಿಸುವ ಕೇಂದ್ರ ಕಾನೂನನ್ನು ಮುಖ್ಯವಾಗಿ ಇಟ್ಟುಕೊಂಡು, ಅಗತ್ಯವಿರುವಲ್ಲಿ ಕರ್ನಾಟಕದ ಕ್ರಮವನ್ನೂ ಸೇರಿಸಿ ಇಲ್ಲಿ ಉತ್ತರಿಸಲಾಗಿದೆ.

ನಂಬರ್ ಪ್ಲೇಟ್ ಕುರಿತ ನಿಯಮಗಳು ಯಾವ ಕಾನೂನಿನಲ್ಲಿವೆ?

ಮೂಲ ಕಾನೂನು 1988ರ ಮೋಟಾರು ವಾಹನ ಕಾಯ್ದೆ. ಅದರ 39ನೇ ಸೆಕ್ಷನ್ ಪ್ರಕಾರ ನೋಂದಣಿಯಾಗದ ವಾಹನವನ್ನು ಯಾರೂ ಚಲಾಯಿಸುವಂತಿಲ್ಲ, ಮಾಲೀಕರು ಚಲಾಯಿಸಲು ಬಿಡುವಂತೆಯೂ ಇಲ್ಲ. ಇದೇ ಸೆಕ್ಷನ್‌ನಲ್ಲಿ ಇನ್ನೊಂದು ಷರತ್ತೂ ಇದೆ: ನೋಂದಣಿ ಸಂಖ್ಯೆಯನ್ನು ‘ನಿಗದಿಪಡಿಸಿದ ರೀತಿಯಲ್ಲಿ’ ವಾಹನದ ಮೇಲೆ ಪ್ರದರ್ಶಿಸಬೇಕು. ಆದ್ದರಿಂದ ಆರ್‌ಸಿ ಜೇಬಿನಲ್ಲಿದ್ದ ಮಾತ್ರಕ್ಕೆ ಕಾನೂನು ಪಾಲಿಸಿದಂತಾಗುವುದಿಲ್ಲ. ಆ ನಿಗದಿತ ರೀತಿ ಯಾವುದು ಎಂಬುದನ್ನು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 50 ಮತ್ತು 51ನೇ ನಿಯಮಗಳು ವಿವರಿಸುತ್ತವೆ. ಸಂಚಾರ ಪೊಲೀಸರು ಕೊಡುವ ರಸೀದಿಯಲ್ಲಿ ಈ ಎರಡು ಅಂಕಿಗಳು ಮತ್ತೆ ಮತ್ತೆ ಕಾಣಿಸುವುದು ಇದರಿಂದಲೇ.

ನಂಬರ್ ಪ್ಲೇಟ್ ಬೇಕಿಲ್ಲದ ವಾಹನಗಳು ಇವೆಯೇ?

ಕೆಲವು ಇವೆ. ನಾಲ್ಕಕ್ಕಿಂತ ಕಡಿಮೆ ಚಕ್ರಗಳಿರುವ, ಎಂಜಿನ್ ಸಾಮರ್ಥ್ಯ 25 ಸಿಸಿ ಮೀರದ ವಾಹನವನ್ನು ಕಾಯ್ದೆಯು ಮೋಟಾರು ವಾಹನವೆಂದೇ ಪರಿಗಣಿಸುವುದಿಲ್ಲ. ಹಾಗೆಯೇ 250 ವ್ಯಾಟ್‌ಗಿಂತ ಕಡಿಮೆ ಶಕ್ತಿಯ ಮೋಟಾರ್ ಇರುವ, ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಗರಿಷ್ಠ ವೇಗದ, ಬ್ಯಾಟರಿ ಬಿಟ್ಟು 60 ಕೆ.ಜಿ. ಮೀರದ ವಿದ್ಯುತ್ ದ್ವಿಚಕ್ರ ವಾಹನಕ್ಕೂ ನೋಂದಣಿ ಬೇಕಿಲ್ಲ. ಆದರೆ ಈ ವಿನಾಯಿತಿ ದೊರೆಯಬೇಕಾದರೆ ಮೂರೂ ಷರತ್ತುಗಳು ಒಟ್ಟಿಗೆ ಈಡೇರಿರಬೇಕು. ‘ಇದಕ್ಕೆ ಲೈಸೆನ್ಸೂ ಬೇಡ, ನಂಬರೂ ಬೇಡ’ ಎಂದು ಹೇಳಿ ಮಾರಿದ ಸ್ಕೂಟರ್ ರಸ್ತೆಯಲ್ಲಿ 40 ಕಿ.ಮೀ. ವೇಗದಲ್ಲಿ ಓಡಿದರೆ ಅದು ಕಾನೂನಿನ ದೃಷ್ಟಿಯಲ್ಲಿ ನೋಂದಣಿಯಿಲ್ಲದ ಮೋಟಾರು ವಾಹನ, ಮತ್ತು ಅದರ ಹೊಣೆ ಓಡಿಸುವವರ ತಲೆಗೆ ಬರುತ್ತದೆ.

ನೋಂದಣಿ ಸಂಖ್ಯೆಯ ಭಾಗಗಳು ಏನನ್ನು ಸೂಚಿಸುತ್ತವೆ?

ಮೊದಲ ಎರಡು ಅಕ್ಷರಗಳು ರಾಜ್ಯವನ್ನೂ, ನಂತರದ ಎರಡು ಅಂಕಿಗಳು ನೋಂದಣಿ ಪ್ರಾಧಿಕಾರವನ್ನೂ ಸೂಚಿಸುತ್ತವೆ. ಕೆಎ 19 ಎಂದರೆ ಮಂಗಳೂರು, ಕೆಎ 20 ಉಡುಪಿ, ಕೆಎ 12 ಮಡಿಕೇರಿ, ಕೆಎ 25 ಧಾರವಾಡ. ಆಮೇಲೆ ಬರುವ ಅಕ್ಷರಗಳು ಸರಣಿಯನ್ನು ತಿಳಿಸಿದರೆ, ಕೊನೆಯ ಅಂಕಿಗಳು ಆ ಸರಣಿಯಲ್ಲಿ ವಾಹನದ ಕ್ರಮಸಂಖ್ಯೆಯಾಗಿರುತ್ತವೆ. ಕರ್ನಾಟಕದಲ್ಲಿ ಸರ್ಕಾರಿ ವಾಹನಗಳಿಗೆ ಜಿ ಸರಣಿಯನ್ನೂ ಸಾರಿಗೆ ನಿಗಮಗಳ ಬಸ್ಸುಗಳಿಗೆ ಎಫ್ ಸರಣಿಯನ್ನೂ ಕೊಡುವ ರೂಢಿಯಿದೆ. ಹೀಗಾಗಿ ಖಾಸಗಿ ಕಾರಿನ ಮೇಲೆ ‘ಸರ್ಕಾರಿ ಸೇವೆಯಲ್ಲಿ’ ಎಂದು ಬರೆಸಿಕೊಂಡವರನ್ನು ಅವರ ನಂಬರೇ ಬಯಲು ಮಾಡಿಬಿಡುತ್ತದೆ.

ಅಕ್ಷರ ಮತ್ತು ಅಂಕಿಗಳ ಅಳತೆ ಎಷ್ಟಿರಬೇಕು?

ಕಾರು, ಬಸ್ಸು, ಲಾರಿಗಳಲ್ಲಿ ಪ್ರತಿ ಅಕ್ಷರ ಹಾಗೂ ಅಂಕಿಯ ಎತ್ತರ 65 ಮಿ.ಮೀ., ಗೆರೆಯ ದಪ್ಪ 10 ಮಿ.ಮೀ., ನಡುವಿನ ಅಂತರ 10 ಮಿ.ಮೀ. ಇರಬೇಕು. ಮೋಟಾರ್ ಸೈಕಲ್‌ಗಳ ಹಿಂಬದಿಯಲ್ಲಿ ಅಕ್ಷರಗಳು 35 ಮಿ.ಮೀ., ಅಂಕಿಗಳು 40 ಮಿ.ಮೀ. ಎತ್ತರವಿದ್ದು, ಎರಡಕ್ಕೂ ದಪ್ಪ 7 ಮಿ.ಮೀ., ಅಂತರ 5 ಮಿ.ಮೀ. ಎಂದು ನಿಗದಿಯಾಗಿದೆ. ಮುಂಬದಿಯಲ್ಲಿ 70 ಸಿಸಿಗಿಂತ ದೊಡ್ಡ ಬೈಕುಗಳಿಗೆ ಎತ್ತರ 30 ಮಿ.ಮೀ., ಅದಕ್ಕಿಂತ ಚಿಕ್ಕವಕ್ಕೆ 15 ಮಿ.ಮೀ. ಸಾಕು. ತ್ರಿಚಕ್ರ ವಾಹನಗಳಲ್ಲಿ ಎಂಜಿನ್ 500 ಸಿಸಿ ಮೀರದಿದ್ದರೆ 35 ಮಿ.ಮೀ., ಮೀರಿದರೆ 40 ಮಿ.ಮೀ.

ಫಲಕಕ್ಕೂ ಅಳತೆಯಿದೆ. ಕಾರುಗಳಿಗೆ 500 x 120 ಅಥವಾ 340 x 200 ಮಿ.ಮೀ., ದೊಡ್ಡ ವಾಣಿಜ್ಯ ವಾಹನಗಳಿಗೆ 340 x 200 ಮಿ.ಮೀ., ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳಿಗೆ 200 x 100 ಅಥವಾ 285 x 45 ಮಿ.ಮೀ.

ಅಳತೆಯಲ್ಲಿ ಕೆಲವು ಮಿಲಿಮೀಟರ್ ಹೆಚ್ಚುಕಡಿಮೆಯಾದರೆ ಏನು ಮಹಾ ಎಂದು ಅನಿಸಬಹುದು. ಇಂದು ನಂಬರನ್ನು ಓದುವುದು ಬಹುಪಾಲು ಕ್ಯಾಮೆರಾ. ಗೆರೆ ತೆಳುವಾದರೆ ಅಥವಾ ಅಂತರ ಕುಗ್ಗಿದರೆ 8 ಅದಕ್ಕೆ 3 ಆಗಿಯೂ, ಬಿ ಅಕ್ಷರವು 8 ಆಗಿಯೂ ಕಾಣುತ್ತದೆ. ಆಗ ದಂಡದ ನೋಟಿಸ್ ಹೋಗಿ ಮುಟ್ಟುವುದು ಆ ರಸ್ತೆಯನ್ನೇ ನೋಡದ ಬೇರೊಬ್ಬರ ಮನೆಗೆ.

ಕನ್ನಡದ ಅಂಕಿ ಮತ್ತು ಅಕ್ಷರಗಳಲ್ಲಿ ನಂಬರ್ ಬರೆಸಬಹುದೇ?

ಕೇಂದ್ರ ನಿಯಮದ ಪ್ರಕಾರ ನೋಂದಣಿ ಸಂಖ್ಯೆಯ ಅಕ್ಷರಗಳು ಇಂಗ್ಲಿಷ್‌ನಲ್ಲಿಯೂ ಅಂಕಿಗಳು ಅರೇಬಿಕ್ ರೂಪದಲ್ಲಿಯೂ, ಅಂದರೆ 1, 2, 3 ಎಂಬ ರೂಪದಲ್ಲಿಯೂ ಇರಬೇಕು. ಆದ್ದರಿಂದ ನಿಗದಿತ ಫಲಕವನ್ನು ತೆಗೆದು ಅದರ ಜಾಗದಲ್ಲಿ ಕನ್ನಡ ಅಂಕಿಗಳ ಫಲಕ ಹಾಕಿದರೆ ಅದು ನಿಯಮ ಉಲ್ಲಂಘನೆಯೇ. ನುಡಿಯ ಮೇಲಿನ ಅಭಿಮಾನ ದೊಡ್ಡದು, ಆದರೆ ಕನ್ನಡ ಓದಲು ಬಾರದ ಬೇರೆ ರಾಜ್ಯದ ಪೊಲೀಸರು ಅಥವಾ ಅಪಘಾತವನ್ನು ಕಣ್ಣಾರೆ ಕಂಡ ಪ್ರಯಾಣಿಕರು ಆ ನಂಬರನ್ನು ಒಂದು ಕ್ಷಣದಲ್ಲಿ ಗುರುತಿಸಿಕೊಳ್ಳಬೇಕಾಗುತ್ತದೆ ಎಂಬುದನ್ನೂ ನೆನಪಿಡಬೇಕು. ಕನ್ನಡದ ಬರಹಕ್ಕೆ ಗಾಡಿಯಲ್ಲಿ ಬೇರೆ ಜಾಗ ಬೇಕಾದಷ್ಟಿದೆ.

ವೈಟ್ ಬೋರ್ಡ್, ಯೆಲ್ಲೋ ಬೋರ್ಡ್ ಅಲ್ಲದೆ ಬೇರೆ ಬಣ್ಣಗಳೂ ಕಾಣುತ್ತವಲ್ಲ, ಅವುಗಳ ಅರ್ಥವೇನು?

ಬಿಳಿಯ ಮೇಲೆ ಕಪ್ಪು ಅಕ್ಷರಗಳಿದ್ದರೆ ಸ್ವಂತ ಬಳಕೆಯ ವಾಹನ, ಹಳದಿಯ ಮೇಲೆ ಕಪ್ಪು ಇದ್ದರೆ ಬಾಡಿಗೆಗೆ ಓಡುವ ಸಾರಿಗೆ ವಾಹನ. ಕಪ್ಪಿನ ಮೇಲೆ ಹಳದಿ ಅಕ್ಷರಗಳಿದ್ದರೆ ಅದು ಬಾಡಿಗೆಗೆ ಪಡೆದು ನಾವೇ ಓಡಿಸಿಕೊಂಡು ಹೋಗುವ ಕಾರು. ವಿದ್ಯುತ್ ವಾಹನಗಳ ಹಿನ್ನೆಲೆ ಹಸಿರು: ಸ್ವಂತ ವಾಹನವಾದರೆ ಅಕ್ಷರಗಳು ಬಿಳಿ, ಸಾರಿಗೆ ವಾಹನವಾದರೆ ಹಳದಿ. ಹಳದಿಯ ಮೇಲೆ ಕೆಂಪು ಅಕ್ಷರಗಳು ತಾತ್ಕಾಲಿಕ ನೋಂದಣಿಯನ್ನೂ, ಕೆಂಪಿನ ಮೇಲೆ ಬಿಳಿ ಅಕ್ಷರಗಳು ಡೀಲರ್ ಬಳಿ ಇರುವ ವಾಹನವನ್ನೂ ಸೂಚಿಸುತ್ತವೆ. ನೀಲಿಯ ಮೇಲೆ ಬಿಳಿ ಅಕ್ಷರಗಳು ವಿದೇಶಿ ರಾಯಭಾರ ಕಚೇರಿಗಳ ವಾಹನಗಳಿಗೆ ಮೀಸಲು. ಮೇಲ್ಮುಖ ಬಾಣದ ಗುರುತಿರುವುದು ಸೇನೆಯ ವಾಹನ.

ಬಣ್ಣ ಬದಲಿಸುವುದು ಅಳತೆ ತಪ್ಪಿದಂಥ ಸಣ್ಣ ವಿಷಯವಲ್ಲ. ವೈಟ್ ಬೋರ್ಡ್ ಕಾರನ್ನು ಬಾಡಿಗೆಗೆ ಓಡಿಸಿದರೆ ಅದು ಪರ್ಮಿಟ್ ಇಲ್ಲದೆ ಸಾರಿಗೆ ವಾಹನ ಓಡಿಸಿದಂತೆ. 192ಎ ಸೆಕ್ಷನ್ ಪ್ರಕಾರ ಮೊದಲ ಬಾರಿಗೇ 10,000 ರೂ. ದಂಡ ಮತ್ತು 6 ತಿಂಗಳವರೆಗಿನ ಸೆರೆವಾಸಕ್ಕೆ ಅವಕಾಶವಿದೆ.

ಎಚ್‌ಎಸ್‌ಆರ್‌ಪಿ ಎಂದರೇನು? ಅದು ಎಲ್ಲ ವಾಹನಗಳಿಗೂ ಕಡ್ಡಾಯವೇ?

ಎಚ್‌ಎಸ್‌ಆರ್‌ಪಿ ಎಂದರೆ ಅತಿ ಸುರಕ್ಷಿತ ನೋಂದಣಿ ಫಲಕ. 1 ಮಿ.ಮೀ. ದಪ್ಪದ ಅಲ್ಯೂಮಿನಿಯಂ ತಗಡಿನಲ್ಲಿ ಅಕ್ಷರಗಳನ್ನು ಉಬ್ಬಿಸಿ ಒತ್ತಿರುತ್ತಾರೆ. ಎಡ ಮೇಲ್ಮೂಲೆಯಲ್ಲಿ 20 x 20 ಮಿ.ಮೀ. ಅಳತೆಯ, ಅಶೋಕ ಚಕ್ರವಿರುವ ಕ್ರೋಮಿಯಂ ಹಾಲೋಗ್ರಾಂ, ನೀಲಿ ಬಣ್ಣದಲ್ಲಿ ಐಎನ್‌ಡಿ ಎಂಬ ಅಕ್ಷರಗಳು, ಕೆಳಗಡೆ ಲೇಸರ್‌ನಿಂದ ಕೆತ್ತಿದ ಗುರುತಿನ ಸಂಖ್ಯೆ, ಅಕ್ಷರಗಳ ಮೇಲೆ 45 ಡಿಗ್ರಿ ಓರೆಯಲ್ಲಿ ‘ಇಂಡಿಯಾ’ ಎಂದು ಮುದ್ರಿತವಾದ ಪದರ ಇರುತ್ತವೆ. ಹಿಂಬದಿಯ ಫಲಕವನ್ನು ಕೂರಿಸುವ ಲಾಕ್ ಒಮ್ಮೆ ಬಿಗಿದರೆ ಮುರಿಯದೆ ಬಿಚ್ಚಲು ಬರುವುದಿಲ್ಲ, ಮುರಿದರೆ ಮತ್ತೆ ಬಳಸಲೂ ಬರುವುದಿಲ್ಲ. ಕದ್ದ ಬೈಕಿಗೆ ಮತ್ತೊಂದು ಬೈಕಿನ ಫಲಕವನ್ನು ಐದು ನಿಮಿಷದಲ್ಲಿ ತಿರುಪು ಹಾಕಿ ಕೂರಿಸುವುದನ್ನು ತಡೆಯುವುದೇ ಇದರ ಮೂಲ ಉದ್ದೇಶ.

ಈ ನಿಯಮ ಹೊಸದೇನಲ್ಲ. 50ನೇ ನಿಯಮಕ್ಕೆ ಇದನ್ನು ಸೇರಿಸಿದ್ದು 2001ರಲ್ಲಿ. ರಾಜ್ಯಗಳು ವರ್ಷಗಟ್ಟಲೆ ಜಾರಿ ಮಾಡದೆ ಉಳಿದಿದ್ದರಿಂದ ವಿಷಯ ಸುಪ್ರೀಂ ಕೋರ್ಟ್‌ಗೆ ಹೋಗಿ, ಅಲ್ಲಿಂದ ಹಲವು ಬಾರಿ ಕಟ್ಟುನಿಟ್ಟಿನ ಆದೇಶಗಳು ಬಂದವು. 2018ರ ಡಿಸೆಂಬರ್‌ನ ಅಧಿಸೂಚನೆಯ ಪ್ರಕಾರ 2019ರ ಏಪ್ರಿಲ್ 1ರಿಂದ ತಯಾರಾಗುವ ಹೊಸ ವಾಹನಗಳಿಗೆ ತಯಾರಕರೇ ಈ ಫಲಕವನ್ನು ಒದಗಿಸಬೇಕು, ಡೀಲರ್ ಅದನ್ನು ಅಳವಡಿಸಬೇಕು.

ಅದಕ್ಕೂ ಮೊದಲಿನ ವಾಹನಗಳ ವಿಷಯದಲ್ಲಿ ಕರ್ನಾಟಕ ಸರ್ಕಾರ 2023ರ ಆಗಸ್ಟ್‌ನಲ್ಲಿ ಅಧಿಸೂಚನೆ ಹೊರಡಿಸಿ, ಮೊದಲು ಅದೇ ವರ್ಷದ ನವೆಂಬರ್ 17ರ ಗಡುವು ಕೊಟ್ಟಿತು. ಆಮೇಲೆ ಗಡುವು ಒಂದಾದ ಮೇಲೊಂದರಂತೆ ಮುಂದಕ್ಕೆ ಹೋಯಿತು. ‘ಹೇಗೂ ಮುಂದೂಡುತ್ತಾರೆ’ ಎಂದು ಕಾದು ಕುಳಿತವರು ಒಂದು ಮಾತನ್ನು ಗಮನಿಸಬೇಕು: ಗಡುವು ವಿಸ್ತರಿಸಿದರೆ ದಂಡ ಹಾಕುವ ದಿನವಷ್ಟೇ ಮುಂದಕ್ಕೆ ಹೋಗುತ್ತದೆ, ಫಲಕ ಹಾಕಿಸಬೇಕೆಂಬ ಹೊಣೆ ಹಾಗೆಯೇ ಉಳಿಯುತ್ತದೆ.

ಹಾಗಾದರೆ ರಸ್ತೆ ಬದಿಯ ಅಂಗಡಿಯಲ್ಲಿ ಐಎನ್‌ಡಿ ಎಂದು ಬರೆದ ಪ್ಲೇಟ್ ಹಾಕಿಸಿಕೊಂಡರೆ ಸಾಕಲ್ಲವೇ?

ಸಾಲದು. ನೋಡಲು ಅದರಂತೆಯೇ ಇದ್ದರೂ ಅದು ಎಚ್‌ಎಸ್‌ಆರ್‌ಪಿ ಅಲ್ಲ. ನಿಜವಾದ ಫಲಕದ ಲೇಸರ್ ಸಂಖ್ಯೆ ಸರ್ಕಾರದ ವಾಹನ್ ದತ್ತಾಂಶದಲ್ಲಿ ನಿಮ್ಮ ವಾಹನದ ಹೆಸರಿಗೆ ಜೋಡಣೆಯಾಗಿರುತ್ತದೆ. ಅಂಗಡಿಯವರು ಹಾಲೋಗ್ರಾಂ ಹೋಲುವ ಸ್ಟಿಕ್ಕರ್ ಅಂಟಿಸಬಹುದು, ಆದರೆ ಆ ಜೋಡಣೆಯನ್ನು ಮಾಡಲಾರರು. ಫಲಕವನ್ನು ಸಾರಿಗೆ ಇಲಾಖೆಯ ಜಾಲತಾಣದ ಮೂಲಕ, ನಿಮ್ಮ ವಾಹನದ ಕಂಪನಿಯ ಅಧಿಕೃತ ತಯಾರಕರಲ್ಲಿಯೇ ಕಾಯ್ದಿರಿಸಬೇಕು. ಆಗ ಎಂಜಿನ್ ಮತ್ತು ಚಾಸಿ ಸಂಖ್ಯೆಗಳನ್ನು ಕೇಳುತ್ತಾರೆ. ಅವನ್ನು ಕೇಳದೆ ನಂಬರ್ ಮಾತ್ರ ಕೇಳಿ ಹಣ ಪಾವತಿಸಲು ಹೇಳುವ ತಾಣ ಕಂಡರೆ ಅಲ್ಲಿಗೇ ನಿಲ್ಲಿಸುವುದು ಒಳ್ಳೆಯದು. ಈ ಹೆಸರಿನಲ್ಲಿ ಹಣ ಕಳೆದುಕೊಂಡವರಿದ್ದಾರೆ.

ಕಾರಿನ ಮುಂದಿನ ಗಾಜಿನ ಮೇಲಿನ ಸ್ಟಿಕ್ಕರ್ ಕೂಡ ಕಡ್ಡಾಯವೇ?

ಹೌದು. ಅದನ್ನು ಮೂರನೆಯ ನೋಂದಣಿ ಫಲಕವೆಂದೇ ನಿಯಮ ಕರೆಯುತ್ತದೆ. 100 x 60 ಮಿ.ಮೀ. ಅಳತೆಯ ಈ ಸ್ಟಿಕ್ಕರ್‌ನ ಬಣ್ಣ ಪೆಟ್ರೋಲ್ ಮತ್ತು ಸಿಎನ್‌ಜಿ ವಾಹನಗಳಿಗೆ ತಿಳಿ ನೀಲಿ, ಡೀಸೆಲ್‌ಗೆ ಕಿತ್ತಳೆ, ಉಳಿದವಕ್ಕೆ ಬೂದು. ಗಾಜು ಒಡೆದು ಹೊಸದನ್ನು ಹಾಕಿಸಿದಾಗ ಸ್ಟಿಕ್ಕರನ್ನು ಮತ್ತೆ ಪಡೆಯಬೇಕು ಎಂಬುದು ಹಲವರ ಗಮನಕ್ಕೆ ಬರುವುದೇ ಇಲ್ಲ.

ನಂಬರ್ ಪ್ಲೇಟ್ ತಪ್ಪಿಗೆ ದಂಡ ಎಷ್ಟು? ಒಬ್ಬರು 500 ಎನ್ನುತ್ತಾರೆ, ಇನ್ನೊಬ್ಬರು 5,000 ಎನ್ನುತ್ತಾರೆ.

ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಅವರು ಬೇರೆ ಬೇರೆ ಸೆಕ್ಷನ್‌ಗಳ ಮಾತನಾಡುತ್ತಿದ್ದಾರೆ, ಅಷ್ಟೇ.

ಪ್ರತ್ಯೇಕ ಶಿಕ್ಷೆಯನ್ನು ಹೇಳಿರದ ಉಲ್ಲಂಘನೆಗಳಿಗಾಗಿ ಕಾಯ್ದೆಯಲ್ಲಿ 177ನೇ ಸೆಕ್ಷನ್ ಇದೆ. 2019ರ ತಿದ್ದುಪಡಿಯ ನಂತರ ಇದರಡಿ ಮೊದಲ ಬಾರಿಗೆ 500 ರೂ.ವರೆಗೆ, ಮತ್ತೆ ತಪ್ಪಿದರೆ 1,500 ರೂ.ವರೆಗೆ ದಂಡವಿದೆ. ತಿದ್ದುಪಡಿಗೆ ಮೊದಲು ಇವು 100 ಮತ್ತು 300 ರೂ. ಆಗಿದ್ದವು. ಅಕ್ಷರದ ಅಳತೆ ತಪ್ಪು, ಓರೆಕೋರೆ ಬರಹ, ಮಾಸಿದ ಫಲಕ, ಫಲಕದ ಮೇಲೆ ಚಿತ್ರ ಮುಂತಾದ ಸಾಮಾನ್ಯ ತಪ್ಪುಗಳಿಗೆ 50 ಮತ್ತು 51ನೇ ನಿಯಮಗಳ ಜೊತೆ ಈ ಸೆಕ್ಷನ್ ಅನ್ನು ಸೇರಿಸಿ ದಂಡ ಹಾಕುವುದು ರೂಢಿ.

ಆದರೆ ಮೇಲೆ ಹೇಳಿದಂತೆ 39ನೇ ಸೆಕ್ಷನ್‌ನಲ್ಲಿ ನೋಂದಣಿಯೂ ಇದೆ, ಸಂಖ್ಯೆಯ ಪ್ರದರ್ಶನವೂ ಇದೆ. ಅದನ್ನು ಉಲ್ಲಂಘಿಸಿದರೆ ಅನ್ವಯವಾಗುವುದು 192ನೇ ಸೆಕ್ಷನ್. ಅದರಡಿ ಮೊದಲ ಬಾರಿಗೆ 2,000 ರೂ.ಗೆ ಕಡಿಮೆಯಿಲ್ಲದ, 5,000 ರೂ.ವರೆಗಿನ ದಂಡ, ಮರುಕಳಿಸಿದರೆ ಒಂದು ವರ್ಷದವರೆಗೆ ಸೆರೆವಾಸ, ಅಥವಾ 5,000ದಿಂದ 10,000 ರೂ.ವರೆಗೆ ದಂಡ, ಅಥವಾ ಎರಡೂ. ಫಲಕವೇ ಇಲ್ಲದ ಅಥವಾ ನೋಂದಣಿಯೇ ಆಗದ ವಾಹನಕ್ಕೆ ಈ ಸೆಕ್ಷನ್ ಬೀಳುವುದು ಸಹಜ. ಇಂಥ ಸಂದರ್ಭದಲ್ಲಿ 207ನೇ ಸೆಕ್ಷನ್ ಪ್ರಕಾರ ವಾಹನವನ್ನು ವಶಕ್ಕೆ ಪಡೆಯುವ ಅಧಿಕಾರವೂ ಪೊಲೀಸರಿಗಿದೆ. ಒಂದು ಮಾನವೀಯ ವಿನಾಯಿತಿಯನ್ನೂ ಇಲ್ಲಿ ಹೇಳಬೇಕು: ಗಾಯಾಳುವನ್ನು ಅಥವಾ ರೋಗಿಯನ್ನು ಸಾಗಿಸಲು, ಇಲ್ಲವೇ ಸಂಕಷ್ಟದಲ್ಲಿರುವವರಿಗೆ ಆಹಾರ ಅಥವಾ ಔಷಧ ಒಯ್ಯಲು ತುರ್ತಾಗಿ ಅಂಥ ವಾಹನ ಬಳಸಿದ್ದರೆ 192 ಅನ್ವಯಿಸುವುದಿಲ್ಲ, ಆದರೆ ಏಳು ದಿನದೊಳಗೆ ಆ ವಿಷಯವನ್ನು ಪ್ರಾಧಿಕಾರಕ್ಕೆ ತಿಳಿಸಿರಬೇಕು.

ರಸ್ತೆಯಲ್ಲಿಯೇ ಕಟ್ಟಿ ಮುಗಿಸುವ ರಾಜಿ ದಂಡದ ಮೊತ್ತವನ್ನು 200ನೇ ಸೆಕ್ಷನ್ ಅಡಿ ಆಯಾ ರಾಜ್ಯ ಸರ್ಕಾರ ನಿಗದಿಪಡಿಸುತ್ತದೆ. ಬೆಂಗಳೂರಿನಲ್ಲಿ ಕಟ್ಟಿದ್ದಕ್ಕೂ ಹೊಸೂರಿನಲ್ಲಿ ಕೇಳಿದ್ದಕ್ಕೂ ವ್ಯತ್ಯಾಸ ಕಂಡರೆ ಕಾರಣ ಅದೇ ಇರಬಹುದು. ಇನ್ನು, ಈ ಕಾಯ್ದೆಯನ್ನು ಜಾರಿ ಮಾಡುವ ಪ್ರಾಧಿಕಾರದವರೇ ತಪ್ಪು ಮಾಡಿದರೆ 210ಬಿ ಸೆಕ್ಷನ್ ಪ್ರಕಾರ ದಂಡ ದುಪ್ಪಟ್ಟು.

ಹೊಸ ವಾಹನವನ್ನು ನಂಬರ್ ಬರುವ ಮೊದಲೇ ಶೋರೂಂನಿಂದ ಮನೆಗೆ ತರಬಹುದೇ?

ಡೀಲರ್ ಇರುವ ರಾಜ್ಯದಲ್ಲಿಯೇ ವಾಹನ ನೋಂದಣಿಯಾಗುವುದಾದರೆ ತರುವಂತಿಲ್ಲ. 2019ರ ತಿದ್ದುಪಡಿಯ ನಂತರ ಅಂಥ ಸಂದರ್ಭದಲ್ಲಿ ನೋಂದಣಿ ಅರ್ಜಿಯನ್ನು ಡೀಲರೇ ಹಾಕಬೇಕು, ಮತ್ತು ನೋಂದಣಿ ಸಂಖ್ಯೆಯನ್ನು ವಾಹನದ ಮೇಲೆ ಪ್ರದರ್ಶಿಸುವವರೆಗೆ ಅದನ್ನು ಮಾಲೀಕರಿಗೆ ಒಪ್ಪಿಸಬಾರದು ಎಂದು 41ನೇ ಸೆಕ್ಷನ್ ಹೇಳುತ್ತದೆ. ಡೀಲರ್ ಅರ್ಜಿ ಹಾಕದಿದ್ದರೆ 192ಬಿ ಸೆಕ್ಷನ್ ಪ್ರಕಾರ ವಾರ್ಷಿಕ ರಸ್ತೆ ತೆರಿಗೆಯ ಹದಿನೈದು ಪಟ್ಟು ಅಥವಾ ಜೀವಾವಧಿ ತೆರಿಗೆಯಷ್ಟು, ಇವೆರಡರಲ್ಲಿ ಹೆಚ್ಚಿನ ಮೊತ್ತದ ದಂಡವಿದೆ. ಅರ್ಜಿಯ ಹೊಣೆ ಮಾಲೀಕರದೇ ಆಗಿರುವ ಕಡೆ ಅವರು ತಪ್ಪಿದರೆ ವಾರ್ಷಿಕ ತೆರಿಗೆಯ ಐದು ಪಟ್ಟು ಅಥವಾ ಜೀವಾವಧಿ ತೆರಿಗೆಯ ಮೂರನೇ ಒಂದು ಭಾಗ, ಇವೆರಡರಲ್ಲಿ ಹೆಚ್ಚಿನದು.

ಶುಭ ಮುಹೂರ್ತ ತಪ್ಪಬಾರದೆಂದು ‘ಅಪ್ಲೈಡ್ ಫಾರ್’ ಎಂಬ ಕಾಗದ ಅಂಟಿಸಿ ಗಾಡಿ ಹೊರಗೆ ತರುವವರು ಇಂದಿಗೂ ಇದ್ದಾರೆ. ಆ ಎರಡು ಪದಗಳಿಗೆ ಕಾನೂನಿನಲ್ಲಿ ಯಾವ ಬೆಲೆಯೂ ಇಲ್ಲ. ಪೂಜೆಯನ್ನು ಶೋರೂಂನ ಅಂಗಳದಲ್ಲಿಯೇ ಮಾಡಿಸಿ, ನಂಬರ್ ಬಂದ ಮೇಲೆ ಗಾಡಿ ತರುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಫಲಕದ ಮೇಲೆ ಹೆಸರು, ದೇವರ ಚಿತ್ರ, ‘ಪೊಲೀಸ್’, ‘ಪ್ರೆಸ್’ ಅಥವಾ ಹುದ್ದೆಯನ್ನು ಬರೆಸಬಹುದೇ?

ಇಲ್ಲ. ಫಲಕದಲ್ಲಿ ನಿಯಮ ಹೇಳಿದ್ದನ್ನು ಬಿಟ್ಟು ಬೇರೇನೂ ಇರಬಾರದು. ಮಗಳ ಹೆಸರು, ಸಿನಿಮಾ ನಟರ ಚಿತ್ರ, ಪಕ್ಷದ ಚಿಹ್ನೆ, ಸಂಘದ ಅಧ್ಯಕ್ಷರೆಂಬ ಬಿರುದು ಎಲ್ಲಕ್ಕೂ ಉತ್ತರ ಒಂದೇ. 4 ಮತ್ತು 1 ಅಂಕಿಗಳನ್ನು ಕೊಂಚ ತಿರುಚಿ ಅಕ್ಷರದಂತೆ ಕಾಣಿಸುವ ಜಾಣತನವೂ ಇದರಲ್ಲಿಯೇ ಸೇರುತ್ತದೆ.

ಫಲಕದ ಮೇಲಾಗಲಿ ಪಕ್ಕದಲ್ಲಾಗಲಿ ಮೂರು ಸಿಂಹಗಳ ರಾಷ್ಟ್ರ ಲಾಂಛನವನ್ನು ಅಧಿಕಾರವಿಲ್ಲದವರು ಬಳಸಿದರೆ ವಿಷಯ ಮೋಟಾರು ವಾಹನ ಕಾಯ್ದೆಯನ್ನು ದಾಟಿಹೋಗುತ್ತದೆ. ರಾಷ್ಟ್ರ ಲಾಂಛನದ ಅನುಚಿತ ಬಳಕೆಯನ್ನು ನಿಷೇಧಿಸುವ 2005ರ ಕಾಯ್ದೆಯಡಿ ಎರಡು ವರ್ಷಗಳವರೆಗೆ ಸೆರೆವಾಸ ಅಥವಾ 5,000 ರೂ.ವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು.

ಕೆಸರು, ಹೂವಿನ ಹಾರ ಅಥವಾ ಬಂಪರ್‌ನಿಂದ ನಂಬರ್ ಮರೆಯಾದರೂ ತಪ್ಪೇ?

ನಂಬರ್ ಸ್ಪಷ್ಟವಾಗಿ ಓದಲು ಬರಬೇಕು ಎಂಬುದು ನಿಯಮ, ಮರೆ ಮಾಡಿದ್ದು ಯಾವುದು ಎಂಬುದು ಆಮೇಲಿನ ಪ್ರಶ್ನೆ. ಆಯುಧಪೂಜೆಯ ದಿನ ಬಾಳೆಕಂದು, ಚೆಂಡುಹೂವಿನ ಹಾರ ಕಟ್ಟಿದ ಗಾಡಿಯನ್ನು ನಿಲ್ಲಿಸಿ ದಂಡ ಹಾಕುವವರು ವಿರಳ, ಆದರೆ ಅದೇ ಹಾರ ಒಣಗಿ ವಾರವಾದರೂ ಫಲಕದ ಮೇಲೆ ನೇತಾಡುತ್ತಿದ್ದರೆ ವಿನಾಯಿತಿ ಕೇಳಲು ಆಧಾರವಿರುವುದಿಲ್ಲ. ರಾತ್ರಿ ಹೊತ್ತು ಹಿಂಬದಿಯ ಫಲಕಕ್ಕೆ ಬಿಳಿ ಬೆಳಕು ಬಿದ್ದು, 15 ಮೀಟರ್ ದೂರದಿಂದ ನಂಬರ್ ಓದಲು ಬರಬೇಕೆಂದು 105ನೇ ನಿಯಮ ಹೇಳುತ್ತದೆ. ಹಿಂದಿನ ಆ ಪುಟ್ಟ ಬಲ್ಬು ಸುಟ್ಟುಹೋದದ್ದು ಮಾಲೀಕರಿಗೆ ತಿಳಿಯುವುದು ಬಹಳ ಸಲ ಪೊಲೀಸರು ಕೈ ಅಡ್ಡ ಹಾಕಿದಾಗಲೇ.

ಬೇಕೆಂದೇ ಮರೆಮಾಚುವುದು ಬೇರೆ ಮಾತು. ಬೈಕಿನ ಫಲಕವನ್ನು ಸೀಟಿನ ಕೆಳಗೆ ಮಡಚುವುದು, ಕೊನೆಯ ಅಂಕಿಗೆ ಮಾಸ್ಕ್ ಅಥವಾ ಟೇಪ್ ಅಂಟಿಸುವುದು, ಒಂದು ಅಂಕಿಯನ್ನು ಕೆರೆದು ತೆಗೆಯುವುದು ಇವೆಲ್ಲ ಕ್ಯಾಮೆರಾದಿಂದ ತಪ್ಪಿಸಿಕೊಳ್ಳುವ ಉದ್ದೇಶವನ್ನು ತಾವೇ ಸಾರುತ್ತವೆ. ಇಂಥ ಕಡೆ 500 ರೂ. ದಂಡಕ್ಕೇ ವಿಷಯ ಮುಗಿಯುತ್ತದೆಂದು ನಂಬಬಾರದು, ವಂಚನೆಯ ಮೊಕದ್ದಮೆ ಹೂಡುವ ದಾರಿಯೂ ಪೊಲೀಸರಿಗೆ ತೆರೆದಿದೆ.

ಬೇರೆ ವಾಹನದ ನಂಬರ್ ಹಾಕಿಕೊಂಡರೆ ಏನಾಗುತ್ತದೆ?

ಅದು ಅಪರಾಧ ಪ್ರಕರಣ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ವಂಚನೆಗೆ ಸಂಬಂಧಿಸಿದ 318(4) ಮತ್ತು ವಂಚಿಸುವ ಸಲುವಾಗಿ ಮಾಡುವ ಫೋರ್ಜರಿಗೆ ಸಂಬಂಧಿಸಿದ 336(3) ಕಲಂಗಳಲ್ಲಿ ಏಳು ವರ್ಷಗಳವರೆಗೆ ಸೆರೆವಾಸಕ್ಕೆ ಅವಕಾಶವಿದೆ. ಯಾವ ಕಲಂ ಹಾಕಬೇಕು ಎಂಬುದು ಪ್ರಕರಣದ ವಿವರಗಳನ್ನು ಅವಲಂಬಿಸುತ್ತದೆ. ಸುಳ್ಳು ದಾಖಲೆ ಕೊಟ್ಟು ಅಥವಾ ಎಂಜಿನ್, ಚಾಸಿ ಸಂಖ್ಯೆ ಬೇರೆ ಇರುವ ವಾಹನಕ್ಕೆ ನೋಂದಣಿ ಪಡೆದವರಿಗೆ 192ಬಿ ಸೆಕ್ಷನ್ ಅಡಿ ಆರು ತಿಂಗಳಿಗೆ ಕಡಿಮೆಯಿಲ್ಲದ, ಒಂದು ವರ್ಷದವರೆಗಿನ ಸೆರೆವಾಸ, ಜೊತೆಗೆ ತೆರಿಗೆಯ ಲೆಕ್ಕದಲ್ಲಿ ಭಾರಿ ದಂಡವಿದೆ.

ನನ್ನ ನಂಬರನ್ನು ಬೇರಾರೋ ಬಳಸುತ್ತಿದ್ದಾರೆ, ನಾನು ಹೋಗದ ಊರಿನಿಂದ ದಂಡದ ನೋಟಿಸ್ ಬಂದಿದೆ. ಏನು ಮಾಡಬೇಕು?

ಮೊದಲು ಮಾಡಬಾರದ್ದನ್ನು ಹೇಳಬೇಕು: ‘ಐನೂರು ರೂಪಾಯಿ ತಾನೇ, ಕಟ್ಟಿ ಕೈತೊಳೆದುಕೊಳ್ಳೋಣ’ ಎಂದು ದಂಡ ಕಟ್ಟಬೇಡಿ. ಕಟ್ಟಿದರೆ ಆ ವಾಹನ ನಿಮ್ಮದೇ ಎಂದು ಒಪ್ಪಿಕೊಂಡಂತೆ ದಾಖಲೆಯಾಗುತ್ತದೆ. ನಾಳೆ ಅದೇ ನಕಲಿ ನಂಬರಿನ ಗಾಡಿ ಅಪಘಾತ ಮಾಡಿ ಓಡಿಹೋದರೆ ಆ ದಾಖಲೆ ನಿಮಗೇ ತೊಡಕಾಗುತ್ತದೆ.

2021ರಲ್ಲಿ ಸೇರಿಸಿದ 167ಎ ನಿಯಮದ ಪ್ರಕಾರ, ಕ್ಯಾಮೆರಾದಲ್ಲಿ ಸಿಕ್ಕ ಉಲ್ಲಂಘನೆಯ ನೋಟಿಸನ್ನು ಘಟನೆ ನಡೆದ 15 ದಿನದೊಳಗೆ ಕಳುಹಿಸಬೇಕು. ಅದರಲ್ಲಿ ನಂಬರ್ ಕಾಣುವ ಚಿತ್ರದ ಸಾಕ್ಷ್ಯ, ದಿನಾಂಕ, ಸಮಯ ಮತ್ತು ಸ್ಥಳ ಇರಬೇಕು. ಆ ಚಿತ್ರವನ್ನು ನಿಮ್ಮ ಗಾಡಿಯ ಜೊತೆ ಹೋಲಿಸಿ ನೋಡಿ. ಮಾದರಿ, ಬಣ್ಣ, ಕನ್ನಡಿ, ಗೀರು, ಸೀಟಿನ ಕವರ್, ಹಿಂಬದಿಯ ಸ್ಟಿಕ್ಕರ್ ಹೀಗೆ ಎಲ್ಲಾದರೂ ವ್ಯತ್ಯಾಸ ಸಿಕ್ಕೇ ಸಿಗುತ್ತದೆ. ನಿಮ್ಮ ಗಾಡಿಗೆ ಎಚ್‌ಎಸ್‌ಆರ್‌ಪಿ ಇದ್ದು ಚಿತ್ರದಲ್ಲಿ ಅದಿಲ್ಲದಿದ್ದರೆ ನಿಮ್ಮ ಅರ್ಧ ಕೆಲಸ ಅಲ್ಲಿಗೇ ಮುಗಿದಂತೆ. ಆ ಹೊತ್ತಿನಲ್ಲಿ ನಿಮ್ಮ ವಾಹನ ಬೇರೆಡೆ ಇತ್ತೆಂಬುದಕ್ಕೆ ಕಚೇರಿಯ ಹಾಜರಿ, ಪಾರ್ಕಿಂಗ್ ಚೀಟಿ, ಫಾಸ್ಟ್ಯಾಗ್ ವಿವರ, ಮನೆಯ ಕ್ಯಾಮೆರಾದ ದೃಶ್ಯಗಳಲ್ಲಿ ಸಿಕ್ಕಿದ್ದನ್ನು ಸೇರಿಸಿ.

ಇವುಗಳ ಜೊತೆ ಆರ್‌ಸಿ ಪ್ರತಿ ಮತ್ತು ವಾಹನದ ನಾಲ್ಕೂ ಕಡೆಯ ಚಿತ್ರಗಳನ್ನು ಇಟ್ಟು, ನೋಟಿಸ್ ಕಳುಹಿಸಿದ ಸಂಚಾರ ಪೊಲೀಸರಿಗೆ ಲಿಖಿತ ಆಕ್ಷೇಪ ಸಲ್ಲಿಸಿ. ನಿಮ್ಮ ವ್ಯಾಪ್ತಿಯ ಠಾಣೆಯಲ್ಲಿ ನಕಲಿ ನಂಬರ್ ಬಳಕೆಯ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ, ಅದರ ಪ್ರತಿಯನ್ನು ಆರ್‌ಟಿಒಗೂ ಕೊಡಿ. ಸ್ವೀಕೃತಿಯಿಲ್ಲದೆ ಬಾಯಿಮಾತಿನಲ್ಲಿ ಹೇಳಿ ಬಂದರೆ ಹೇಳಿದಂತೆಯೇ ಆಗುವುದಿಲ್ಲ. ಮತ್ತೊಂದು ನೋಟಿಸ್ ಬಂದಾಗ ಆ ಸ್ವೀಕೃತಿಯ ದಿನಾಂಕವೇ ನಿಮ್ಮ ಪರ ಮಾತನಾಡುತ್ತದೆ.

ಬೇರೆ ರಾಜ್ಯದ ನಂಬರಿನ ವಾಹನವನ್ನು ಇಲ್ಲಿ ಎಷ್ಟು ದಿನ ಓಡಿಸಬಹುದು?

47ನೇ ಸೆಕ್ಷನ್ ಪ್ರಕಾರ ವಾಹನ ಮತ್ತೊಂದು ರಾಜ್ಯದಲ್ಲಿ 12 ತಿಂಗಳು ಮೀರಿ ಇದ್ದರೆ ಅಲ್ಲಿನ ನೋಂದಣಿ ಸಂಖ್ಯೆ ಪಡೆಯಬೇಕು. ಇದಕ್ಕೆ ಮೂಲ ನೋಂದಣಿ ಪ್ರಾಧಿಕಾರದ ನಿರಾಕ್ಷೇಪಣಾ ಪತ್ರ ಬೇಕು. ತೆರಿಗೆಯ ಅವಧಿಗೂ ನಂಬರಿನ ಅವಧಿಗೂ ವ್ಯತ್ಯಾಸವಿದೆ, ತೆರಿಗೆಯ ವಿಷಯವನ್ನು ರಾಜ್ಯದ ತೆರಿಗೆ ಕಾನೂನು ಬೇರೆಯಾಗಿಯೇ ನೋಡುತ್ತದೆ.

ಕೆಲಸದ ನಿಮಿತ್ತ ಊರೂರು ಬದಲಾಯಿಸುವವರಿಗಾಗಿ 2021ರ ಸೆಪ್ಟೆಂಬರ್ 15ರಿಂದ ಭಾರತ್ ಸರಣಿ, ಅಂದರೆ ಬಿಎಚ್ ನಂಬರ್ ಬಂದಿದೆ. ರಕ್ಷಣಾ ಸಿಬ್ಬಂದಿ, ಕೇಂದ್ರ ಮತ್ತು ರಾಜ್ಯ ಸರ್ಕಾರಿ ನೌಕರರು, ಸಾರ್ವಜನಿಕ ಉದ್ದಿಮೆಗಳ ನೌಕರರು, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯಿರುವ ಖಾಸಗಿ ಸಂಸ್ಥೆಗಳ ನೌಕರರು ತಮ್ಮ ಸ್ವಂತ ಬಳಕೆಯ ವಾಹನಕ್ಕೆ ಇದನ್ನು ಪಡೆಯಬಹುದು. ಇದರಲ್ಲಿ ತೆರಿಗೆಯನ್ನು ಎರಡು ವರ್ಷಗಳಿಗೆ ಅಥವಾ ಎರಡರ ಗುಣಕಗಳಲ್ಲಿ ಕಟ್ಟಬೇಕು. 14 ವರ್ಷಗಳ ನಂತರ ವರ್ಷಕ್ಕೊಮ್ಮೆ ಕಟ್ಟಬೇಕು.

ಅದೇ ರಾಜ್ಯದೊಳಗೆ ಮನೆ ಬದಲಿಸಿದರೆ ನಂಬರ್ ಬದಲಾಗುತ್ತದೆಯೇ?

ಇಲ್ಲ. ವಿಳಾಸ ಬದಲಾವಣೆಯನ್ನು 30 ದಿನದೊಳಗೆ ತಿಳಿಸಿದರೆ ಸಾಕು. ಹಾಗೆ ತಿಳಿಸದವರ ನೋಟಿಸ್‌ಗಳೆಲ್ಲ ಹಳೆಯ ಬಾಡಿಗೆ ಮನೆಗೆ ಹೋಗಿ ಬೀಳುತ್ತಿರುತ್ತವೆ.

ಫ್ಯಾನ್ಸಿ ನಂಬರ್ ಕಾನೂನುಬಾಹಿರವೇ?

ಫ್ಯಾನ್ಸಿ ನಂಬರ್ ತಪ್ಪಲ್ಲ, ಫ್ಯಾನ್ಸಿ ಬರಹ ತಪ್ಪು. 0001 ಅಥವಾ 9999ರಂಥ ಸಂಖ್ಯೆಯನ್ನು ಸಾರಿಗೆ ಇಲಾಖೆಯ ಹರಾಜಿನಲ್ಲಿ ಕೂಗಿ ಪಡೆಯಬಹುದು. ಪಡೆದ ಮೇಲೆ ಅದನ್ನೂ ಎಲ್ಲರಂತೆ ಅದೇ ಅಳತೆಯಲ್ಲಿ, ಅದೇ ಫಲಕದಲ್ಲಿಯೇ ಹಾಕಬೇಕು.

ಹಳೆಯ ಕಾಲದ ಕಾರುಗಳಿಗೆ ಬೇರೆ ನಂಬರ್ ಇದೆಯೇ?

50 ವರ್ಷ ಮೀರಿದ, ಮೂಲ ರೂಪದಲ್ಲಿಯೇ ಉಳಿಸಿಕೊಂಡ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ 2021ರ ಜುಲೈನಿಂದ ‘ವಿಎ’ ಅಕ್ಷರಗಳಿರುವ ವಿಂಟೇಜ್ ಸರಣಿ ಇದೆ. ಹೊಸ ನೋಂದಣಿಗೆ 20,000 ರೂ., ನವೀಕರಣಕ್ಕೆ 5,000 ರೂ., ಅವಧಿ ಹತ್ತು ವರ್ಷ. ಇವನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ.

ನಂಬರ್ ಪ್ಲೇಟ್ ಸರಿಯಿಲ್ಲದಿದ್ದರೆ ವಿಮೆ ಸಿಗುವುದಿಲ್ಲವೇ?

ಫಲಕದ ಅಳತೆ ತಪ್ಪಿತೆಂಬ ಒಂದೇ ಕಾರಣಕ್ಕೂ ನೋಂದಣಿಯೇ ಇಲ್ಲದಿರುವುದಕ್ಕೂ ಬಹಳ ವ್ಯತ್ಯಾಸವಿದೆ. ತಾತ್ಕಾಲಿಕ ನೋಂದಣಿಯ ಅವಧಿ ಮುಗಿದ ಮೇಲೂ ಕಾಯಂ ನೋಂದಣಿ ಮಾಡಿಸದೆ ವಾಹನ ಬಳಸುವುದು ವಿಮಾ ಒಪ್ಪಂದದ ಮೂಲಭೂತ ಉಲ್ಲಂಘನೆ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ತೀರ್ಪು ನೀಡಿತು, 2021ರಲ್ಲಿ ಅದನ್ನೇ ಎತ್ತಿ ಹಿಡಿಯಿತು. 2021ರ ಪ್ರಕರಣದಲ್ಲಿ ಕಾರು ಕಳುವಾಗಿತ್ತು. ತಾತ್ಕಾಲಿಕ ನೋಂದಣಿ ಮುಗಿದಿದ್ದರಿಂದ ಪರಿಹಾರದ ಹಣ ದೊರೆಯಲಿಲ್ಲ. ಆರ್‌ಟಿಒಗೆ ಹೋಗುವುದನ್ನು ಮುಂದಿನ ವಾರಕ್ಕೆ ತಳ್ಳುತ್ತಾ ಬಂದವರು ಈ ತೀರ್ಪನ್ನು ದಂಡದ ಪಟ್ಟಿಗಿಂತ ಹೆಚ್ಚು ಗಂಭೀರವಾಗಿ ಪರಿಗಣಿಸಬೇಕು.

ಟ್ರ್ಯಾಕ್ಟರ್ ಟ್ರೇಲರ್‌ಗೆ ಯಾವ ನಂಬರ್ ಹಾಕಬೇಕು?

ಟ್ರೇಲರ್‌ಗೂ ತನ್ನದೇ ನೋಂದಣಿ ಬೇಕು. ಅದರ ಜೊತೆಗೆ, ಎಳೆಯುವ ವಾಹನದ ನೋಂದಣಿ ಸಂಖ್ಯೆಯನ್ನೂ ಟ್ರೇಲರ್ ಮೇಲೆ, ಒಂದಕ್ಕಿಂತ ಹೆಚ್ಚು ಟ್ರೇಲರ್‌ಗಳಿದ್ದರೆ ಕೊನೆಯದರ ಮೇಲೆ, ಪ್ರದರ್ಶಿಸಬೇಕೆಂದು 61ನೇ ಸೆಕ್ಷನ್ ಹೇಳುತ್ತದೆ. ಕಬ್ಬು ಸಾಗಿಸುವ ದಿನಗಳಲ್ಲಿ ಹಿಂದಿನಿಂದ ಬರುವವರಿಗೆ ಟ್ರ್ಯಾಕ್ಟರ್ ಕಾಣುವುದೇ ಇಲ್ಲ, ಕಾಣುವುದು ಹೇರಿನ ಕೊನೆ ಮಾತ್ರ.

ಎಚ್‌ಎಸ್‌ಆರ್‌ಪಿ ಮುರಿದರೆ ಅಥವಾ ಕಳೆದುಹೋದರೆ?

ಫಲಕ ಕಳೆದಿದ್ದರೆ ಅಥವಾ ಕಳುವಾಗಿದ್ದರೆ ಮೊದಲು ಪೊಲೀಸರಿಗೆ ದೂರು ಕೊಡಿ, ಏಕೆಂದರೆ ಅದು ಯಾರ ಕೈಗೆ ಸಿಕ್ಕಿ ಯಾವ ಗಾಡಿಗೆ ಹೋಗುತ್ತದೆಂದು ಹೇಳಲಾಗದು. ದೂರಿನ ಪ್ರತಿಯೊಂದಿಗೆ ಅಧಿಕೃತ ತಯಾರಕರಲ್ಲಿ ಬದಲಿ ಫಲಕಕ್ಕೆ ಅರ್ಜಿ ಹಾಕಬೇಕು. ಅಪಘಾತದಲ್ಲಿ ಮುರಿದಿದ್ದರೆ ಹಳೆಯ ತುಂಡನ್ನು ಬಿಸಾಡದೆ ಇಟ್ಟುಕೊಳ್ಳಿ, ಬದಲಿ ಫಲಕ ಹಾಕುವಾಗ ಅದನ್ನು ಒಪ್ಪಿಸಬೇಕಾಗುತ್ತದೆ. ಗ್ಯಾರೇಜಿನಲ್ಲಿ ಬಂಪರ್ ಬದಲಿಸುವಾಗ ಮೆಕ್ಯಾನಿಕ್ ಲಾಕ್ ಮುರಿದು, ಸಾಮಾನ್ಯ ಬೋಲ್ಟ್ ಹಾಕಿ ಕೂರಿಸುವುದು ಹೆಚ್ಚಾಗಿ ನಡೆಯುವ ಸಂಗತಿ. ಗಾಡಿಯನ್ನು ಬಿಡಿಸಿಕೊಳ್ಳುವಾಗ ಬಣ್ಣ, ಡೆಂಟುಗಳ ಜೊತೆ ಹಿಂಬದಿಯ ಆ ಲಾಕನ್ನೂ ಒಮ್ಮೆ ಮುಟ್ಟಿ ನೋಡಿ. ಮುರಿದಿದ್ದರೆ ಹೊಸ ಲಾಕ್ ಹಾಕಿಸುವ ವೆಚ್ಚವನ್ನು ಅಲ್ಲಿಯೇ ಬಿಲ್ಲಿನಲ್ಲಿ ಬಗೆಹರಿಸಿಕೊಳ್ಳಿ.